ಪ್ರಶ್ನೆ ಮೇಡಂ ಮತ್ತು ಏಳರ ನಿಯಮ

ನನಗೆ ಯಾರನ್ನೂ ಒಂದೇ ಏಟಿಗೆ ನಂಬುವ ಅಭ್ಯಾಸವಿಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಮನೆಯಲ್ಲಿ ಇನ್ನೊಮ್ಮೆ ಅಳೆಯುತ್ತೇನೆ. ಬೀಗ ಹಾಕಿದ್ದು ನಾನೇ ಆದರೂ ಎರಡು ಸಲ ಎಳೆದು ನೋಡದೆ ಮೆಟ್ಟಿಲಿಳಿಯುವುದಿಲ್ಲ. ನನ್ನ ಗಂಡ ಇದನ್ನು ಕಾಯಿಲೆ ಅನ್ನುತ್ತಾರೆ. ಅಂದುಕೊಳ್ಳಲಿ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಮ್ ಹಚ್ಚುತ್ತಿದ್ದೇನೆ. ಯಾವುದು ಅಂಟಿದೆ, ಯಾವುದು ಅಂಟಿದ ಹಾಗೆ ನಾಟಕ ಆಡುತ್ತಿದೆ ಎಂಬುದು ನನ್ನ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ಎಲ್ಲರೂ ನನ್ನನ್ನು ಗಮ್ಮಕ್ಕ ಎಂದೇ ಕರೆಯುವುದು.

ಅಂಥ ನಾನು ಪ್ರಶ್ನೆ ಮೇಡಮ್ಮನ್ನು ಮೊದಲ ದಿನವೇ ನಂಬಿಬಿಟ್ಟೆ ಎಂದು ಹೇಳಿದರೆ ಅದು ಶುದ್ಧ ಸುಳ್ಳಾಗುತ್ತದೆ.

ಅವರನ್ನು ಮ್ಯಾನೇಜರು ಒಂದು ಸೋಮವಾರ ಬೆಳಿಗ್ಗೆ ಕ್ಯಾಂಟೀನಿಗೆ ಕರೆತಂದು ನಿಲ್ಲಿಸಿದರು. ನಲವತ್ತೈದರ ಆಸುಪಾಸಿನ ಹೆಂಗಸು. ಬೈತಲೆಯ ಎರಡೂ ಕಡೆ ನರೆ, ಕಾಲಿಗೆ ಚಪ್ಪಟೆ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ, ಚೀಲದ ಅಂಚಿಗೆ ಸಿಕ್ಕಿಸಿದ ಎರಡು ಪೆನ್ಸಿಲು.

"ಇವರು ಮನಶ್ಶಾಸ್ತ್ರಜ್ಞರು," ಎಂದರು ಮ್ಯಾನೇಜರು. "ಕೆಲಸದ ಜಾಗವನ್ನ ಅಧ್ಯಯನ ಮಾಡಿ, ಅದನ್ನ ಚೆನ್ನಾಗಿ ಮಾಡೋದು ಹೇಗೆ ಅಂತ ಹೇಳೋದು ಇವರ ಕೆಲಸ. ಒಂದೂವರೆ ತಿಂಗಳು ಇಲ್ಲೇ ಇರ್ತಾರೆ. ಎಲ್ಲರೂ ಸಹಕಾರ ಕೊಡಬೇಕು."

"ಹುಚ್ಚಾಸ್ಪತ್ರೆ ಡಾಕ್ಟರ್ರಾ?" ಎಂದು ನನ್ನ ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು.

"ನಮ್ಮಲ್ಲಿ ಯಾರಿಗೆ ಹುಚ್ಚು?"

"ಕರೆಸಿದವರಿಗೇ ಇರಬೇಕು."

ನಕ್ಕೆವು, ನಿಜ. ಆದರೆ ಹೊಟ್ಟೆಯೊಳಗೆ ಯಾರಿಗೂ ನಗು ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಹೀಗೇ ಒಬ್ಬ ಬಂದಿದ್ದ. ಕೈಯಲ್ಲಿ ಗಡಿಯಾರ ಹಿಡಿದು ಯಾರು ಎಷ್ಟು ಹೊತ್ತಿಗೆ ಏನು ಮಾಡುತ್ತಾರೆ ಎಂದು ಬರೆದುಕೊಂಡು ಹೋದ. ಅವನು ಹೋದ ತಿಂಗಳಲ್ಲೇ ಹನ್ನೊಂದು ಜನರನ್ನು ಮನೆಗೆ ಕಳಿಸಿದರು. ಈಗ ಬಂದವಳು ಯಾರ ಪಟ್ಟಿ ಮಾಡಲು ಬಂದಿದ್ದಾಳೆ ಎಂಬುದೊಂದೇ ನಮ್ಮೆಲ್ಲರ ತಲೆ ಕೊರೆಯುತ್ತಿದ್ದ ಹುಳ. ಬೆನ್ನ ಹಿಂದೆ ನಾವು ಆಗ ಅವಳು, ಇವಳು ಎಂದೇ ಮಾತಾಡುತ್ತಿದ್ದೆವು.

ಅವರ ಕೆಲಸದ ರೀತಿಯೂ ಅನುಮಾನ ಹುಟ್ಟಿಸುವಂಥದ್ದೇ. ಒಂದು ಸ್ಟೂಲು ಹಾಕಿಕೊಂಡು ಮೂಲೆಯಲ್ಲಿ ಕೂರುವುದು, ನಾವು ಒಂದೊಂದು ಸಲ ಬಗ್ಗಿದಾಗಲೂ ಪುಸ್ತಕದಲ್ಲಿ ಒಂದು ಗೀಟು ಎಳೆಯುವುದು. ನಾನು ಒಂದು ದಿನದಲ್ಲಿ ನಾನೂರ ಹದಿನೇಳು ಸಲ ಬಗ್ಗುತ್ತೇನಂತೆ. ನನಗೇ ಗೊತ್ತಿರಲಿಲ್ಲ. ಮರುದಿನ ಗಮ್ಮಿನ ಡ್ರಮ್ಮನ್ನು ಒಂದು ಮಣೆಯ ಮೇಲೆ ಇಡಿಸಿದರು. ಬಗ್ಗುವುದು ಅರ್ಧಕ್ಕರ್ಧ ಇಳಿಯಿತು, ಸೊಂಟಕ್ಕೂ ಹಾಯೆನಿಸಿತು. ಆದರೂ ನನ್ನ ಮನಸ್ಸು, ಇದು ಬೆಣ್ಣೆ ಹಚ್ಚುವ ಕೆಲಸ, ಎಚ್ಚರವಾಗಿರು ಎಂದೇ ಹೇಳುತ್ತಿತ್ತು.

ಏನು ಹೇಳಿದರೂ "ಆಮೇಲೆ ಏನಾಯ್ತು?" ಎಂದು ಕೇಳುವರು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಪ್ರಶ್ನೆ ಮೇಡಂ ಎಂಬ ಹೆಸರು ಅಲ್ಲಿಂದಲೇ ಅಂಟಿದ್ದು. ಮಧ್ಯಾಹ್ನ ನಮ್ಮ ಜೊತೆಗೇ ಕ್ಯಾಂಟೀನಿನಲ್ಲಿ ಕೂತು ಊಟದ ಡಬ್ಬಿ ತೆರೆದಿಟ್ಟುಕೊಳ್ಳುವರು. ಆದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ನಮ್ಮ ಮಾತು ಕೇಳುತ್ತಾ, ಬರೆಯುತ್ತಾ ಕೂತು, ಗಂಟೆ ಹೊಡೆದಾಗ ಡಬ್ಬಿಯನ್ನು ಹಾಗೇ ಮುಚ್ಚಿ ಚೀಲಕ್ಕೆ ಹಾಕುವರು. ನಾನು ಇದನ್ನೂ ಗುರುತು ಹಾಕಿಕೊಂಡೆ. ಊಟ ಮಾಡದವಳಿಗೆ ಡಬ್ಬಿ ಯಾಕೆ? ನಮ್ಮ ನಡುವೆ ಕೂರಲು ಒಂದು ನೆಪ, ಮತ್ತೇನು?

ಇಷ್ಟೆಲ್ಲ ಅನುಮಾನಕ್ಕೆ ನನ್ನದೇ ಆದ ಇನ್ನೊಂದು ಕಾರಣವಿತ್ತು. ಅದು ಪಂಚಿಂಗ್ ಮೆಷಿನ್ನಿಗೆ ಕಟ್ಟುವ ತಂತಿ.

ಪಂಚಿಂಗ್ ಮೆಷಿನ್ ಅಂದರೆ ಬಾಯಿಯ ಹಾಗೆ ತೆರೆದು ಮುಚ್ಚುವ ಎರಡು ಕಬ್ಬಿಣದ ಹಲಗೆ. ತೆರೆದಾಗ ರಟ್ಟಿನ ಹಾಳೆ ಒಳಗಿಟ್ಟು ಕೈ ತೆಗೆಯಬೇಕು. ಮುಚ್ಚಿದಾಗ ಡಬ್ಬಿಯ ಆಕಾರ ಕತ್ತರಿಸಿ ಬರುತ್ತದೆ. ಕೈ ಒಳಗೇ ಉಳಿದರೆ ಅದು ಮುಂದಿನ ಅಡ್ಡಪಟ್ಟಿಗೆ ತಾಗಿ ಮೆಷಿನ್ ತಾನಾಗಿ ನಿಲ್ಲಬೇಕು. ನಮ್ಮಲ್ಲಿ ಆ ಅಡ್ಡಪಟ್ಟಿ ರಟ್ಟಿನ ಅಂಚು ತಾಗಿದರೂ ನಿಲ್ಲಿಸುತ್ತಿತ್ತು. ದಿನಕ್ಕೆ ಮುನ್ನೂರು ಹಾಳೆ ಕಡಿಮೆ ಬೀಳುತ್ತದೆ ಎಂದು ಸೂಪರ್‌ವೈಸರು ಪ್ರತಿದಿನ ಬೆಳಿಗ್ಗೆ ಅದನ್ನು ತಂತಿಯಿಂದ ಹಿಂದಕ್ಕೆ ಕಟ್ಟಿಬಿಡುತ್ತಿದ್ದ. ಹೊರಗಿನವರು ಬಂದರೆ ಗೇಟಿನಲ್ಲಿ ಎರಡು ಸಲ ಬೆಲ್ಲು ಹೊಡೆಯುತ್ತದೆ. ಅವರು ಒಳಗೆ ಬರುವಷ್ಟರಲ್ಲಿ ತಂತಿ ಅವನ ಜೇಬಿನಲ್ಲಿರುತ್ತದೆ. ಪ್ರಶ್ನೆ ಮೇಡಂ ಬಂದಾಗಲೂ ಅದೇ ಆಟ. ಅವರು ಆ ಕಡೆ ಹೆಜ್ಜೆ ಹಾಕಿದರೆ ತಂತಿ ಮಾಯ, ಬೆನ್ನು ತಿರುಗಿಸಿದರೆ ತಂತಿ ಹಾಜರ್. ಇವರಿಗೆ ನಿಜವಾಗಿ ಕಾಣುತ್ತಿಲ್ಲವೋ, ಕಾಣದ ಹಾಗೆ ನಟಿಸುತ್ತಿದ್ದಾರೋ?

ಎರಡು ತಿಂಗಳ ಹಿಂದೆ ಆ ಮೆಷಿನ್ನಿನಲ್ಲಿ ಕೂರುತ್ತಿದ್ದವಳ ಎರಡು ಬೆರಳಿನ ತುದಿ ಹೋಯಿತು. "ಅಜಾಗರೂಕತೆ" ಎಂದು ಕಾಗದದಲ್ಲಿ ಬರೆದು ಅವಳ ಸಹಿ ಹಾಕಿಸಿಕೊಂಡರು. ಅವಳು ಮತ್ತೆ ಬರಲಿಲ್ಲ. ಅವಳ ಜಾಗಕ್ಕೆ ಕೂರಿಸಿದ್ದು ನನ್ನ ನಾದಿನಿಯನ್ನು.

ನಾದಿನಿ ಗಂಡನನ್ನು ಬಿಟ್ಟುಬಂದು ಆರು ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಬಾಯಿ ಜೋರು, ನಗು ಅದಕ್ಕಿಂತ ಜೋರು. ಗಮ್ ಹಚ್ಚಿ ಹಚ್ಚಿ ನನ್ನ ಬಲಭುಜ ಮೇಲೇಳುವುದಿಲ್ಲ. ಬೆಳಿಗ್ಗೆ ನನ್ನ ತಲೆ ಬಾಚಿ ಜಡೆ ಹಾಕುವವಳು ಅವಳೇ. ಅವಳ ಹತ್ತು ಬೆರಳೂ ನನ್ನ ತಲೆಯಲ್ಲಿ ಓಡಾಡುವಾಗ ನಾನು ಒಂದೊಂದನ್ನೂ ಎಣಿಸುತ್ತೇನೆ. ಅವಳು ಆ ಮೆಷಿನ್ನಿಗೆ ಹೋದ ದಿನದಿಂದ ಈ ಎಣಿಕೆ ಶುರುವಾಗಿದ್ದು. ಹೆದರಿಕೆ, ಬೇರೆ ಏನೂ ಇಲ್ಲ.

ಮೂರನೇ ವಾರ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೂವತ್ತು ಪ್ರಶ್ನೆ, ಗುರುತು ಹಾಕಿದರಾಯಿತು. ಕೊನೆಯಲ್ಲಿ ಬೇರೆ ಏನಾದರೂ ಹೇಳುವುದಿದ್ದರೆ ಬರೆಯಲು ಖಾಲಿ ಜಾಗ. ಮೇಜಿನ ಮೇಲೆ ಬೀಗ ಹಾಕಿದ ತಗಡಿನ ಡಬ್ಬಿ, ಅದಕ್ಕೊಂದು ಸೀಳು. ಬೀಗದ ಕೈ ದಾರ ಕಟ್ಟಿ ಅವರ ಕೊರಳಲ್ಲಿ.

"ಹೆಸರು ಬರೀಬೇಡಿ. ಯಾರು ಬರೆದದ್ದು ಅಂತ ನನಗೂ ಗೊತ್ತಾಗಬಾರದು," ಎಂದರು.

ಬಹಳ ಜನ ಎಲ್ಲಕ್ಕೂ "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಗುರುತು ಹಾಕಿ ಕೈ ತೊಳೆದುಕೊಂಡರು. ನಾನೂ ಹಾಗೇ ಮಾಡುವವಳಿದ್ದೆ. ಅಷ್ಟರಲ್ಲಿ ನಾದಿನಿ ಬಂದಳು. ಎಡತೋಳಿನ ಬಟ್ಟೆ ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿ ನೇತಾಡುತ್ತಿತ್ತು.

"ಏನೇ ಇದು?"

"ಮೆಷಿನ್ನು ಎಳ್ಕೊಂಡ್ತು ಅತ್ತಿಗೆ. ಅಯ್ಯೋ, ಬಟ್ಟೆ ತಾನೇ, ಹೊಲ್ಕೊಂಡರಾಯ್ತು ಬಿಡಿ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಪೆನ್ಸಿಲು ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ತಂತಿಯ ವಿಷಯ, ಬೆಲ್ಲಿನ ವಿಷಯ, ಹೋದ ಬೆರಳಿನ ವಿಷಯ ಎಲ್ಲವನ್ನೂ ಆರು ಸಾಲಿನಲ್ಲಿ ಬರೆದು ಡಬ್ಬಿಗೆ ತುರುಕಿದೆ.

ಚಹಾದ ಹೊತ್ತಿಗೆ ಲೋಟ ಬಾಯಿಗಿಟ್ಟಾಗ ಥಟ್ಟನೆ ನೆನಪಾಯಿತು. ಹಾಳೆಯ ಮೇಲ್ಭಾಗದಲ್ಲಿ ಮೂರು ಚೌಕ ಇದ್ದವು. ವಿಭಾಗ: ಗಮ್. ಹೆಣ್ಣು. ಕೆಲಸದ ಅವಧಿ: ಇಪ್ಪತ್ತು ವರ್ಷಕ್ಕಿಂತ ಹೆಚ್ಚು. ಮೂರಕ್ಕೂ ನಾನು ಸರಿ ಗುರುತು ಹಾಕಿದ್ದೆ. ಗಮ್ ವಿಭಾಗದಲ್ಲಿ ಇಪ್ಪತ್ತು ವರ್ಷ ದಾಟಿದ ಹೆಂಗಸು ಇಡೀ ಕಾರ್ಖಾನೆಯಲ್ಲಿ ನಾನೊಬ್ಬಳೇ. ಇದಕ್ಕಿಂತ ಹೆಸರು, ಮನೆ ವಿಳಾಸ ಬರೆದಿದ್ದರೇ ವಾಸಿಯಿತ್ತು!

ಮೇಡಮ್ಮಿಗೆ ಕೊಟ್ಟಿದ್ದ ಕೋಣೆ ಮೆಟ್ಟಿಲ ಕೆಳಗಿನ ಹಳೆಯ ರದ್ದಿ ಕೋಣೆ. ಸೀಳು ಬಿಟ್ಟ ಗಾಜಿನ ಕಿಟಕಿ, ಒಂದು ಕಾಲು ಗಿಡ್ಡವಾದ ಮೇಜು. ನಾನು ಬಾಗಿಲು ತಳ್ಳಿಕೊಂಡೇ ಒಳಗೆ ಹೋದೆ.

"ಹೆಸರು ಬೇಡ ಅಂತ ಬಣ್ಣದ ಮಾತಾಡಿ ಒಳ್ಳೆ ಗಾಳ ಹಾಕಿದ್ರಿ ಮೇಡಂ. ಗಮ್ಮು, ಹೆಣ್ಣು, ಇಪ್ಪತ್ತು ವರ್ಷ. ಯಾರು ಸ್ವಾಮಿ ಅದು ನನ್ನ ಬಿಟ್ಟು?"

ಅವರು ಚೀಲದಿಂದ ಕೆಲಸಗಾರರ ಹೆಸರು, ಸೇರಿದ ವರ್ಷ ಇದ್ದ ಒಂದು ಪಟ್ಟಿ ತೆಗೆದು ಬೆರಳಿಟ್ಟು ಓದಿದರು. "ಇದರಲ್ಲಿ ನಿಮ್ಮ ಥರದವರು ಎಂಟು ಜನ ಇದ್ದಾರಲ್ಲ?"

ನಾನೂ ಬಗ್ಗಿ ನೋಡಿದೆ. "ಇವರಲ್ಲಿ ಏಳು ಜನ ಬಿಟ್ಟುಹೋಗಿ ಯಾವ ಕಾಲ ಆಯ್ತು! ಇದು ಗಡಿಯಾರದವನು ಬರೋಕ್ಕಿಂತ ಮುಂಚಿನ ಪಟ್ಟಿ. ಯಾರು ಕೊಟ್ರು ಇದನ್ನ?"

"ಮ್ಯಾನೇಜರು."

ಅವರ ಮುಖದ ಬಣ್ಣ ಹೋಯಿತು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ನಾಟಕವೋ ಏನೋ ಎಂದು. "ತಪ್ಪು ನನ್ನದು. ಪಟ್ಟಿ ಹಿಡ್ಕೊಂಡು ವಿಭಾಗಕ್ಕೆ ಹೋಗಿ ತಲೆ ಎಣಿಸಬೇಕಿತ್ತು. ಎಣಿಸಲಿಲ್ಲ," ಎಂದರು. ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಕೊರಳಿಂದ ಬೀಗದ ಕೈ ತೆಗೆದು ಡಬ್ಬಿ ತೆರೆದು, ಎಲ್ಲ ಹಾಳೆಯನ್ನೂ ಮುಖ ಕೆಳಗೆ ಮಾಡಿ ಜೋಡಿಸಿ, ಕತ್ತರಿ ಹಿಡಿದರು. ನೂರ ಹನ್ನೆರಡು ಹಾಳೆ. ನಾಲ್ಕು ನಾಲ್ಕರಂತೆ ಹಿಡಿದು ಮೇಲಿನ ಎರಡು ಬೆರಳಗಲವನ್ನು ಕತ್ತರಿಸುತ್ತಾ ಹೋದರು. ಆ ತುಂಡುಗಳನ್ನು ಒಂದು ಬಕೆಟ್ ನೀರಿಗೆ ಹಾಕಿದರು.

"ನೀರಲ್ಲಿ ಬಿದ್ರೆ ಸಾಲದು ಮೇಡಂ. ಒಣಗಿಸಿ ಓದಬಹುದು," ಎಂದೆ ನಾನು.

"ಹಾಗಾದ್ರೆ ಏನು ಮಾಡೋಣ?"

ನಾನೇ ತೋಳು ಮಡಚಿ ಕೂತು ಬಕೆಟ್ಟಿನಲ್ಲಿ ಕೈಯಿಟ್ಟು ಹಿಸುಕಿದೆ. ಕಾಗದವನ್ನು ಅಂಬಲಿ ಮಾಡುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಅಕ್ಷರ ಉಳಿಯದ ಹಾಗೆ ಹಿಸುಕಿ ಮೋರಿಗೆ ಸುರಿದೆ.

"ಇನ್ನು ಯಾವ ವಿಭಾಗ ಏನು ಹೇಳ್ತು ಅಂತ ನಾನು ಹೇಳೋಕಾಗಲ್ಲ," ಎಂದರು ಅವರು, ಕತ್ತರಿಯನ್ನು ಚೀಲಕ್ಕೆ ಹಾಕುತ್ತಾ. "ಮ್ಯಾನೇಜರಿಗೆ ಬೇಕಾಗಿದ್ದ ಅರ್ಧ ಉತ್ತರ ಮೋರಿಗೆ ಹೋಯ್ತು."

"ನಾನು ಕೊನೆಗೆ ಬರೆದದ್ದು?"

"ನೀವು ಏನು ಬರೆದ್ರಿ ಅಂತ ನನಗೆ ಹೇಳಬೇಡಿ. ನನ್ನದೊಂದು ನಿಯಮ ಇದೆ. ಖಾಲಿ ಜಾಗದಲ್ಲಿ ಬರೆದದ್ದು ಏಳು ಹಾಳೆಯಲ್ಲಿ ಬಂದಿದ್ರೆ ಮಾತ್ರ ನಾನು ಅದನ್ನ ವರದಿಗೆ ಹಾಕ್ತೀನಿ. ಅದಕ್ಕಿಂತ ಕಡಿಮೆ ಇದ್ರೆ ಯಾರೋ ಒಬ್ಬರು ಸಿಕ್ಕಿಬೀಳ್ತಾರೆ."

"ಏಳೇ ಯಾಕೆ?"

"ಐದು ಸಾಕು ಅಂತಾರೆ ನಮ್ಮ ಕಸುಬಿನವರು. ನನಗೆ ಐದರಲ್ಲಿ ನಿದ್ದೆ ಬರಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಎಲ್ಲರೂ "ಚೆನ್ನಾಗಿದೆ" ಎಂದು ಬರೆದದ್ದನ್ನು ನಾನೇ ಕಂಡಿದ್ದೆ. ನನ್ನ ಆರು ಸಾಲು ನನ್ನನ್ನು ಉಳಿಸಿ ತಾನು ಸತ್ತಿತ್ತು. "ನಿಮಗೆ ಕಣ್ಣಿಲ್ವಾ? ಪಂಚಿಂಗ್ ಮೆಷಿನ್ ಹತ್ರ ನೀವೇ ನಿಂತಿದ್ರಲ್ಲ?" ಎಂದು ಕೂಗಿಯೇಬಿಟ್ಟೆ.

ಅವರು ತಮ್ಮ ಪುಸ್ತಕದಲ್ಲಿ ಒಂದು ಪುಟ ತೆರೆದರು. "ಅಡ್ಡಪಟ್ಟಿಯ ಮೇಲೆ ಎರಡು ಕಡೆ ಬಣ್ಣ ಸವೆದಿದೆ. ಕೇಳಿದೆ. ಹಳೇ ಗುರುತು ಅಂದ್ರು. ಗುರುತು ನೋಡಿ ನಾನು ಬರೆದ್ರೆ ಅದಕ್ಕೊಂದು ಬಣ್ಣ ಬಳೀತಾರೆ, ಅಷ್ಟೇ. ದಿನಾ ನೋಡೋರು ಹೇಳಬೇಕು." ಆಮೇಲೆ ಹೇಳಿದರು, "ಮುಂದಿನ ಶುಕ್ರವಾರದವರೆಗೂ ಡಬ್ಬಿ ಇಲ್ಲೇ ಇರುತ್ತೆ. ಪಕ್ಕದಲ್ಲಿ ಖಾಲಿ ಹಾಳೆ ಇಡ್ತೀನಿ. ಬೇಕಾದವರು ಹಾಕಬಹುದು."

ಹೊರಗೆ ಬಂದ ಮೇಲೆ ನನ್ನ ಹಳೆಯ ಚಾಳಿ ಶುರುವಾಯಿತು. ಈ ಹೆಂಗಸು ಹೇಳಿದ್ದೇನು? ಇನ್ನೂ ಆರು ಜನ ಬಾಯಿ ಬಿಡಬೇಕು. ದೂರುವವರನ್ನು ಒಟ್ಟಿಗೆ ಹಿಡಿಯಬೇಕೆಂದವರು ಬೇರೆ ಏನು ಹೇಳುತ್ತಾರೆ? ಕತ್ತರಿ, ಬಕೆಟ್ಟು ಎಲ್ಲ ನನ್ನ ಕಣ್ಣಿಗೆ ಮಣ್ಣೆರಚುವ ಆಟ ಇರಬಹುದಲ್ಲ? ಮರುದಿನ ಬೆಳಿಗ್ಗೆ ಅವರು ಮ್ಯಾನೇಜರ ಕಾರಿನಿಂದ ಇಳಿಯುವುದನ್ನು ಈ ಎರಡು ಕಣ್ಣಿಂದ ನೋಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಂಜೆ ಬಸ್‌ಸ್ಟಾಪಿನಲ್ಲಿ ಅವರು ಒಬ್ಬರೇ ನಿಂತಿದ್ದರು. ನಾನು ಪೀಠಿಕೆ ಹಾಕಲಿಲ್ಲ. "ಕಾರಿನಲ್ಲಿ ಬಂದವರಿಗೆ ಬಸ್ಸು ಯಾಕೆ?"

"ಬೆಳಿಗ್ಗೆ ದಾರೀಲಿ ಸಿಕ್ಕಿ ಹತ್ತಿಸ್ಕೊಂಡ್ರು. ಯಾವ ವಿಭಾಗ ಏನು ಬರೀತು ಅಂತ ದಾರಿಯುದ್ದಕ್ಕೂ ಕೇಳಿದ್ರು. ಕತ್ತರಿಸಿ ಹಾಕಿದೆ ಅಂದೆ. ಅಲ್ಲೇ ಇಳಿಸಿಬಿಡ್ತಾರೆ ಅಂದ್ಕೊಂಡಿದ್ದೆ." ನಕ್ಕರು. "ಸಂಜೆ ಹತ್ತಿಸ್ಕೊಳ್ಳಲಿಲ್ಲ, ನೋಡಿ."

"ನಿಮ್ಮನ್ನ ನಾನು ಯಾವ ಭರವಸೆ ಮೇಲೆ ನಂಬಬೇಕು ಮೇಡಂ?"

ಅದಕ್ಕೆ ಅವರು ತಮ್ಮ ಚಿಕ್ಕಮ್ಮನ ವಿಷಯ ಹೇಳಿದರು. ಹದಿನೆಂಟು ವರ್ಷದ ಹಿಂದೆ, ಓದು ಮುಗಿಸಿದ ಹೊಸತರಲ್ಲಿ, ಅವರಿಗೆ ಸಿಕ್ಕ ಮೊದಲ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಅವರನ್ನು ಸಾಕಿದ ಚಿಕ್ಕಮ್ಮ ಅಲ್ಲೇ ಇಸ್ತ್ರಿ ಮಾಡುತ್ತಿದ್ದರು. ಆವಿಯ ಪೈಪು ಸೋರಿ ಮೈ ಸುಡುತ್ತದೆ ಎಂದು ಚಿಕ್ಕಮ್ಮ ಹೇಳಿದ್ದನ್ನು ಇವರು ವರದಿಯಲ್ಲಿ, "ಇಸ್ತ್ರಿ ವಿಭಾಗದ ಹಿರಿಯ ಕೆಲಸಗಾರ್ತಿಯೊಬ್ಬರು ಹೇಳುವಂತೆ" ಎಂದು ಬರೆದರು. ಆ ವಿಭಾಗದಲ್ಲಿ ಹಿರಿಯರು ಅಂತ ಇದ್ದದ್ದು ಒಬ್ಬರೇ. ಮೂರು ವಾರದೊಳಗೆ ಅವರನ್ನು ಕೆಲಸದಿಂದ ತೆಗೆದರು.

"ಹೆಸರು ಬರೀಲಿಲ್ಲ ಅಂತ ಎಷ್ಟು ಬೀಗಿದ್ದೆ ಗೊತ್ತಾ?" ಎಂದರು ಮೇಡಂ. "ನಿನ್ನೆ ನೀವು ಬಾಗಿಲು ತಳ್ಕೊಂಡು ಬಂದಾಗ, ಮತ್ತೆ ಅದೇ ಮಾಡಿದ್ನಲ್ಲ ಅಂತಾನೇ ಕತ್ತರಿಗೆ ಕೈ ಹಾಕಿದ್ದು."

ಮನಸ್ಸು ಕರಗಿತು. ಕರಗಿದ್ದಕ್ಕೇ ಇನ್ನಷ್ಟು ಅನುಮಾನ ಬಂತು. ಇಂಥ ಕಥೆ ಕಟ್ಟಲು ಎಷ್ಟು ಹೊತ್ತು ಬೇಕು? "ನಿಮ್ಮ ಚಿಕ್ಕಮ್ಮನ ಮನೆ ಎಲ್ಲಿ?" ಎಂದೆ.

"ರೈಲ್ವೆ ಗೇಟಿನ ಆಚೆ. ನೀರಿನ ಟ್ಯಾಂಕಿನ ಹಿಂದಿನ ಸಾಲಲ್ಲಿ ನೀಲಿ ಬಾಗಿಲು. ಹೋಗಿ ಕೇಳಿ," ಎಂದರು, ಸ್ವಲ್ಪವೂ ತಡವರಿಸದೆ. ಬಸ್ಸು ಬಂತು.

ಭಾನುವಾರ ಹೋದೆ. ನನ್ನ ಗಂಡ ತಲೆ ಚಚ್ಚಿಕೊಂಡರು. "ಯಾರದೋ ಚಿಕ್ಕಮ್ಮನ ಮನೆಗೆ ತನಿಖೆಗೆ ಹೋಗ್ತಾಳಲ್ಲಪ್ಪ ಇವಳು!"

ನೀಲಿ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಎಪ್ಪತ್ತರ ಹೆಂಗಸು, ಎಡ ಮುಂಗೈ ಮೇಲೆ ಉದ್ದಕ್ಕೆ ಹೊಳೆಯುವ ಸುಟ್ಟ ಕಲೆ.

"ಯಾರು ಕಳಿಸಿದ್ರು?"

"ಯಾರೂ ಕಳಿಸಿಲ್ಲಮ್ಮ. ಒಬ್ಬರ ವಿಷಯ ವಿಚಾರಿಸೋಣ ಅಂತ ನಾನೇ ಬಂದೆ."

"ಹಾಗಾದ್ರೆ ಬಾ. ಕಳಿಸಿ ಬಂದವರನ್ನ ನಾನು ಒಳಗೆ ಬಿಡಲ್ಲ."

ನನಗೆ ಆ ಹೆಂಗಸು ಆ ಕ್ಷಣವೇ ಹಿಡಿಸಿಬಿಟ್ಟಳು. ಒಂದೇ ಕೋಣೆ. ಮೇಜಿನ ಮೇಲೆ ದಿಂಬಿನ ಬಟ್ಟೆಗಳ ಅಟ್ಟಿ, ಬಿಸಿಯಾದ ಇಸ್ತ್ರಿಪೆಟ್ಟಿಗೆ. ನಾನು ಬಂದ ವಿಷಯ ಹೇಳಿ ಮುಗಿಸುವವರೆಗೆ ಅವರ ಕೈ ನಿಲ್ಲಲಿಲ್ಲ.

"ಹೌದು. ನನ್ನ ಕೆಲಸ ಹೋಗಿದ್ದು ಅವಳಿಂದಾನೇ," ಎಂದರು. "ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಎಂಟು ವರ್ಷ ಇವಳಿಗೆ. ನಾನೇ ಸಾಕಿದೆ, ನಾನೇ ಓದಿಸಿದೆ."

"ಮೋಸಗಾತಿನಾ ಅವರು?"

"ಮೋಸಗಾತಿ ಆಗಿದ್ರೆ ಬೈದು ಮರೆತುಬಿಡ್ತಿದ್ದೆನಲ್ಲ! ಒಳ್ಳೆಯವಳು. ಒಳ್ಳೇದು ಮಾಡೋಕೆ ಹೋಗಿ ಎಡವಟ್ಟು ಮಾಡಿದ್ಲು. ಅವಳು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪೈಪು ರಿಪೇರಿ ಆಯ್ತಂತೆ. ನಾನು ಹೋದ ಮೇಲೆ."

"ಮಾತಾಡಿಸ್ತೀರಾ?"

"ಇಲ್ಲ. ತಿಂಗಳಿಗೊಂದು ಸಲ ಬರ್ತಾಳೆ. ಆ ಹೊಸ್ತಿಲ ಹತ್ರ ನಿಂತಿರ್ತಾಳೆ. ನಾನು ಇಸ್ತ್ರಿ ಮಾಡ್ತಿರ್ತೀನಿ. ಹೋಗ್ತಾಳೆ." ದಿಂಬಿನ ಬಟ್ಟೆಯ ಮೂಲೆಯನ್ನು ಎರಡು ಸಲ ಒತ್ತಿದರು. "ಅವಳನ್ನ ನಂಬಬಹುದಾ ಅಂತ ಕೇಳೋಕೆ ಬಂದಿದೀಯ. ಒಂದು ಸಲ ಸುಟ್ಕೊಂಡವಳು ಅವಳು. ನಂಬು."

ನಾನು ಚಪ್ಪಲಿ ಮೆಟ್ಟುತ್ತಿರುವಾಗ ಬಾಗಿಲ ಸಂದಿಯಿಂದ ಮತ್ತೆ ದನಿ ಬಂತು. "ಮಧ್ಯಾಹ್ನ ಊಟ ಮಾಡ್ತಾಳಾ? ಕೆಲಸಕ್ಕೆ ಕೂತರೆ ಡಬ್ಬಿ ಮುಟ್ಟೋದೇ ಇಲ್ಲ ಅವಳು, ಚಿಕ್ಕಂದಿಂದ." ನಾನು ಬಾಯಿ ತೆರೆಯುವ ಮೊದಲೇ, "ನಾನು ಕೇಳಿದೆ ಅಂತ ಹೇಳಬೇಡ," ಎಂದು ಬಾಗಿಲು ಹಾಕಿಕೊಂಡರು.

ಸೋಮವಾರದಿಂದ ನಾನು ಜನರ ಬೆನ್ನು ಹತ್ತಿದೆ. ಪ್ಯಾಕಿಂಗಿನವಳು, ಪ್ರಿಂಟಿಂಗಿನ ಇಬ್ಬರು ಅಣ್ಣಂದಿರು, ಗುಡಿಸುವ ಅಜ್ಜಿ, ಒಬ್ಬೊಬ್ಬರನ್ನೇ ನಲ್ಲಿ ಹತ್ತಿರ ನಿಲ್ಲಿಸಿ, ತಂತಿಯ ವಿಷಯ ಬರೆದು ಹಾಕಿ ಎಂದೆ. ಈಗ ತಮಾಷೆ ಶುರುವಾಯಿತು. ಅನುಮಾನವೆಲ್ಲ ನನ್ನ ಬುಡಕ್ಕೇ ಬಂತು. ಗಮ್ಮಕ್ಕ ಮೇಡಮ್ಮಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಳಂತೆ, ಗಮ್ಮಕ್ಕನನ್ನು ಸೂಪರ್‌ವೈಸರ್ ಮಾಡುತ್ತಾರಂತೆ. ನಾನು ಕ್ಯಾಂಟೀನಿಗೆ ಕಾಲಿಟ್ಟರೆ ಮಾತು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಉಂಡವರು! ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾಲ್ಕೇ ಜನ "ಆಯ್ತು ನೋಡೋಣ" ಎಂದರು. ಆ ನಾಲ್ವರನ್ನೂ ನಾನು ಪೂರ್ತಿ ನಂಬಲಿಲ್ಲ.

ಗುರುವಾರ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ನಾದಿನಿಗೆ ಹೇಳಿದೆ. ಅವಳ ಕೈ ಅಲ್ಲೇ ನಿಂತಿತು.

"ಬೇಡ ಅತ್ತಿಗೆ. ತಂತಿ ಬಿಚ್ಚಿದ್ರೆ ನನ್ನ ಹಾಳೆ ಲೆಕ್ಕ ತುಂಬಲ್ಲ. ಲೆಕ್ಕ ತುಂಬಲಿಲ್ಲ ಅಂದ್ರೆ ನನ್ನ ಎಬ್ಬಿಸ್ತಾರೆ. ನನ್ನ ಕೆಲಸಕ್ಕೆ ಕಲ್ಲು ಹಾಕಬೇಡಿ."

"ನಿನ್ನ ಬೆರಳಿಗಿಂತ ಕೆಲಸ ಹೆಚ್ಚೇನೇ?"

"ಕೆಲಸ ಇಲ್ದೆ ಅಣ್ಣನ ಮನೇಲಿ ಬಿಟ್ಟಿ ಕೂರೋಳಿಗೆ ಬೆರಳು ಇದ್ದರೇನು, ಬಿಟ್ಟರೇನು?"

ಆರು ವರ್ಷ ಅವಳ ಹೊಟ್ಟೆಯೊಳಗೆ ಈ ಮಾತು ಕೂತಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ಎಲ್ಲರನ್ನೂ ಅಳೆದು ನೋಡುವ ನಾನು ಮನೆಯವಳನ್ನೇ ನೋಡಿರಲಿಲ್ಲ. ಜಡೆ ಅರ್ಧಕ್ಕೇ ಬಿಟ್ಟು ಅವಳು ಎದ್ದುಹೋದಳು. ಅವತ್ತು ನಾನು ಹಾಗೇ ಕೆಲಸಕ್ಕೆ ಹೋದೆ.

ಮುಂದಿನ ವಾರ ವರದಿ ಓದುವ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕ್ಯಾಂಟೀನಿನಲ್ಲಿ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮ್ಯಾನೇಜರು, ಸೂಪರ್‌ವೈಸರು. ಮೇಡಂ ನಿಂತು ಓದಿದರು. ಡ್ರಮ್ಮುಗಳ ಎತ್ತರ, ಬೆಳಕು, ಗಾಳಿ, ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳಬೇಕಾದ ಪದ್ಧತಿ. ನನಗೆ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ನನ್ನದೊಂದು, ನಾಲ್ಕು ಜನ ಮಾತಿಗೆ ನಿಂತಿದ್ದರೆ ಐದು. ಐದರಲ್ಲಿ ಈ ಹೆಂಗಸಿಗೆ ನಿದ್ದೆ ಬರುವುದಿಲ್ಲ.

ಮೇಡಂ ಕೊನೆಯ ಪುಟ ತಿರುವಿದರು.

"ಪಂಚಿಂಗ್ ಮೆಷಿನ್ನಿನ ಅಡ್ಡಪಟ್ಟಿಯನ್ನ ದಿನಾ ಬೆಳಿಗ್ಗೆ ತಂತಿಯಿಂದ ಕಟ್ಟಲಾಗುತ್ತದೆ. ಹೊರಗಿನವರು ಬಂದಾಗ ಬಿಚ್ಚಲಾಗುತ್ತದೆ. ಎರಡು ತಿಂಗಳ ಹಿಂದೆ ಆದ ಅಪಘಾತ ಕೆಲಸದವರ ತಪ್ಪಿನಿಂದ ಆದದ್ದಲ್ಲ. ಇದನ್ನ ಬರೆದಿರುವ ಹಾಳೆಗಳು ಐವತ್ತಮೂರು."

ಐವತ್ತಮೂರು! ಯಾರೂ ಯಾರಿಗೂ ಹೇಳಿರಲಿಲ್ಲ. ನನ್ನನ್ನು ಕಂಡು ಬಾಯಿಗೆ ಬೀಗ ಹಾಕಿಕೊಂಡವರು, ಗೂಢಚಾರಿಣಿ ಎಂದವರು, ಒಬ್ಬೊಬ್ಬರೇ ಕದ್ದುಹೋಗಿ ಹಾಕಿ ಬಂದಿದ್ದರು. ಸೂಪರ್‌ವೈಸರು ಹಿಂದಕ್ಕೆ ತಿರುಗಿ ನಮ್ಮನ್ನು ನೋಡಿದ. ಯಾರ ಮುಖ ಅಂತ ನೋಡುತ್ತಾನೆ? ಮ್ಯಾನೇಜರು ಎದ್ದು, "ಇದು ನಮ್ಮ ಗಮನಕ್ಕೆ ಬಂದಿರಲಿಲ್ಲ," ಎಂದು ಶುರುಮಾಡಿದರು. ಅವರ ಜೇಬಿನ ಕರವಸ್ತ್ರ ಮೂರು ಸಲ ಹೊರಗೆ ಬಂತು. ಕೊನೆಗೆ, ನಾಳೆಯೇ ಅಡ್ಡಪಟ್ಟಿಯನ್ನು ಸರಿಪಡಿಸುವುದಾಗಿಯೂ ದಿನದ ಲೆಕ್ಕವನ್ನು ಮುನ್ನೂರು ಹಾಳೆ ಇಳಿಸುವುದಾಗಿಯೂ ಹೇಳಿದರು. ನೂರ ಹನ್ನೆರಡು ಜನ ಕೇಳಿಸಿಕೊಂಡ ಮಾತು ಅದು, ಅಲ್ಲಗಳೆಯುವುದು ಸುಲಭವಿರಲಿಲ್ಲ.

ನಾದಿನಿ ನನ್ನ ಎರಡು ಬೆಂಚು ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. ಅವಳೂ ಬರೆದಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ.

ಸಭೆ ಮುಗಿದಾಗ ನಾಲ್ಕೂವರೆ. ಮೇಡಂ ಚೀಲ, ತಗಡಿನ ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ನಡೆದರು. ಯಾರೂ ಬೀಳ್ಕೊಡಲು ಬರಲಿಲ್ಲ. ಅವರ ಜೊತೆ ಕಾಣಿಸಿಕೊಳ್ಳುವ ಧೈರ್ಯ ಇನ್ನೂ ಯಾರಿಗೂ ಇರಲಿಲ್ಲ. ನಾನು ಹೋದೆ. ನನ್ನ ಮೇಲೆ ಹೇಗಿದ್ದರೂ ಅಪವಾದ ಬಂದೇ ಇತ್ತಲ್ಲ.

"ಮೇಡಂ, ಒಬ್ಬರು ನಿಮ್ಮ ವಿಷಯ ವಿಚಾರಿಸಿದ್ರು," ಎಂದೆ.

ಅವರು ನಿಂತರು. "ಯಾರು?"

"ಹೇಳೋಕಾಗಲ್ಲ. ಕೇಳಿದವರು ಒಬ್ಬರೇ. ಏಳು ಜನ ಆಗಿಲ್ಲ."

ಅವರು ತಗಡಿನ ಡಬ್ಬಿಯನ್ನು ನೆಲಕ್ಕಿಟ್ಟರು. ನನ್ನ ಮುಖವನ್ನೇ ನೋಡುತ್ತಾ ತಮ್ಮ ಮಾಮೂಲಿ ಪ್ರಶ್ನೆಯನ್ನೇ ಕೇಳಿದರು, ದನಿ ಮಾತ್ರ ಬೇರೆಯಾಗಿತ್ತು.

"ಆಮೇಲೆ ಏನಾಯ್ತು?"

"ಮಧ್ಯಾಹ್ನ ಊಟ ಮಾಡ್ತಾಳಾ ಅಂತ ಕೇಳಿದ್ರು."

ಪ್ರಶ್ನೆ ಮೇಡಂ ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ತೆರೆದು, ತಣ್ಣಗಾದ ಅನ್ನವನ್ನು ಅಲ್ಲೇ ತಿನ್ನತೊಡಗಿದರು. ಎರಡು ಬಸ್ಸು ಬಂದು ಹೋದವು. ನಾನು ಕದಲಲಿಲ್ಲ, ಕೊನೆಯ ತುತ್ತಿನವರೆಗೂ ಎದುರಿಗೇ ನಿಂತು ನೋಡಿದೆ. ಭಾನುವಾರ ನೀಲಿ ಬಾಗಿಲಿಗೆ ಹೋಗಿ ಹೇಳಬೇಕಿತ್ತು, ಕಣ್ಣಾರೆ ನೋಡದೆ ಹೇಳುವವಳು ನಾನಲ್ಲ.